ಹಲ್ಲಿನ ಇಂಪ್ಲಾಂಟ್ ಕೊಟ್ಟ ಬ್ರೋನೆಮಾರ್ಕ್: ಎಲುಬು ಹಿಡಿದ್ರೆ ಸಾಲದು, ಒಸಡೂ ಹಿಡೀಬೇಕು

ಬೀದರ್, ಭಾಲ್ಕಿ, ಔರಾದ್ ಕಡೆ ಹಲ್ಲು ಬಿದ್ದವರ ಮನೆಯಲ್ಲಿ ಈಗ ಇಂಪ್ಲಾಂಟ್ ಮಾತು ಬಂದೇ ಬರ್ತದ. ದವಡೆ ಎಲುಬಿಗೆ ಟೈಟಾನಿಯಂ ಸ್ಕ್ರೂ ಕೂರಿಸಿ, ಅದರ ಮೇಲೆ ಹೊಸ ಹಲ್ಲು ಕಟ್ಟುವ ಚಿಕಿತ್ಸೆ ಇದು. ಈಗಿನ ಈ ಪದ್ಧತಿಗೆ ದಾರಿ ಮಾಡಿಕೊಟ್ಟವರು ಸ್ವೀಡನ್ ದೇಶದ ಪರ್-ಇಂಗ್ವಾರ್ ಬ್ರೋನೆಮಾರ್ಕ್. ಸೋಜಿಗ ಅಂದ್ರ, ಅವರು ಹಲ್ಲಿನ ಡಾಕ್ಟರೇ ಅಲ್ಲ.

1929ರ ಮೇ 3ರಂದು ಹುಟ್ಟಿದ ಅವರು ಲುಂಡ್ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಓದಿದರು. 1950ರ ದಶಕದಲ್ಲಿ, ಎಲುಬಿನೊಳಗೆ ರಕ್ತ ಹರಿಯುವುದನ್ನು ನೋಡಲು ಮೊಲದ ಕಾಲೆಲುಬಿನಲ್ಲಿ ಟೈಟಾನಿಯಂನ ಪುಟ್ಟ ಉಪಕರಣ ಕೂರಿಸಿದ್ದರು. ಕೆಲಸ ಮುಗಿದ ಮೇಲೆ ತೆಗೆಯಲು ಹೋದರೆ ಬರಲೇ ಇಲ್ಲ. ಎಲುಬು ಲೋಹವನ್ನು ಅಪ್ಪಿ ಬೆಳೆದಿತ್ತು.

1965ರಲ್ಲಿ ಗೋಥೆನ್‌ಬರ್ಗ್‌ನಲ್ಲಿ, ಹುಟ್ಟಿನಿಂದಲೇ ದವಡೆ ಊನವಿದ್ದ ಯೋಸ್ಟಾ ಲಾರ್ಸನ್ ಅವರಿಗೆ ಮೊದಲ ಇಂಪ್ಲಾಂಟ್ ಹಾಕಿದರು. 2006ರಲ್ಲಿ ಲಾರ್ಸನ್ ತೀರಿಕೊಳ್ಳುವವರೆಗೂ ಅವು ಕೆಲಸ ಮಾಡಿದವು. ಆದರೂ ಸ್ವೀಡನ್‌ನ ದಂತ ವೈದ್ಯರು ವರ್ಷಗಟ್ಟಲೆ ಬ್ರೋನೆಮಾರ್ಕ್ ಅವರನ್ನು ನಂಬಲಿಲ್ಲ. 1982ರ ಟೊರಾಂಟೊ ಸಮ್ಮೇಳನದ ನಂತರವೇ ಜಗತ್ತು ಒಪ್ಪಿತು.

ಎಲುಬಿನ ಲೆಕ್ಕ ಗೆದ್ದಾಯ್ತು. ಒಸಡಿನ ಲೆಕ್ಕ ಬೇರೆನೇ ಅದ. ಹುಟ್ಟು ಹಲ್ಲಿನ ಬೇರಿನೊಳಗೆ ಒಸಡಿನ ನಾರುಗಳು ಮೊಳೆ ಹೊಡೆದ ಹಾಗೆ ನಾಟಿರ್ತವೆ. ಇಂಪ್ಲಾಂಟ್ ಸುತ್ತ ಅವು ಹೆಚ್ಚಾಗಿ ಲೋಹದ ಪಕ್ಕಕ್ಕೆ ಸಮಾನಾಂತರವಾಗಿ, ಬಳೆಯ ಹಾಗೆ ಸುತ್ತಿ ನಿಲ್ತವೆ. ಹಿಡಿತ ಸಡಿಲ. ಅಲ್ಲಿಂದ ಕ್ರಿಮಿ ಇಳಿದರೆ ಕೆಳಗಿನ ಎಲುಬೇ ಕರಗ್ತದ.

ಬ್ರೋನೆಮಾರ್ಕ್ ಸ್ಕ್ರೂಗಳ ಮೈ ಸಾಕಷ್ಟು ನುಣುಪಾಗಿತ್ತು. ಸ್ವಿಟ್ಜರ್ಲೆಂಡ್‌ನ ಆಂದ್ರೆ ಶ್ರೋಡರ್ ತಂಡ ಕರಗಿದ ಟೈಟಾನಿಯಂ ಸಿಂಪಡಿಸಿ ಮೈಯನ್ನು ಒರಟು ಮಾಡಿತು. ಎಲುಬು ಇನ್ನೂ ಗಟ್ಟಿಯಾಗಿ ಹಿಡಿಯಿತು. ಎಲುಬಿನ ಖನಿಜದಂಥ ಹೈಡ್ರಾಕ್ಸಿಅಪಟೈಟ್ ಲೇಪವೂ ಬಂತು, ಕೆಲವೆಡೆ ಅದು ಸುಲಿದು ಹೋಯಿತು. ಒರಟು ಮೈ ಒಸಡಿನ ಹೊರಗೆ ಬಂದರೆ ಕೊಳೆ ಬೇಗ ಕೂಡ್ತದ ಎಂಬುದೂ ಗೊತ್ತಾಯ್ತು. ಅದಕ್ಕೇ ಅನೇಕ ಇಂಪ್ಲಾಂಟ್‌ಗಳಲ್ಲಿ ಎಲುಬಿನ ಭಾಗ ಒರಟು, ಒಸಡು ತಾಗುವ ಕುತ್ತಿಗೆ ನುಣುಪು. ಮಿಲಿಮೀಟರ್‌ನ 5,000ನೇ ಒಂದು ಭಾಗಕ್ಕಿಂತ ಹೆಚ್ಚು ನುಣುಪು ಮಾಡಿದರೂ ಕೊಳೆ ಇನ್ನೂ ಕಡಿಮೆಯಾಗೋದಿಲ್ಲ ಎನ್ನುತ್ತದೆ ಸಂಶೋಧನೆ.

ಬಿದರಿ ಕೆಲಸ ನೋಡಿದವರಿಗೆ ಇದು ಬೇಗ ತಿಳೀತದ. ಬೆಳ್ಳಿ ತಂತಿ ಕೂರಲು ಉಳಿಯಿಂದ ಗೀರು ತೋಡಬೇಕು. ಹೊರಮೈ ಮಾತ್ರ ನುಣುಪಾಗಿ ಉಜ್ಜಬೇಕು.

ಬ್ರೋನೆಮಾರ್ಕ್ ಅವಸರದ ಮನುಷ್ಯರಲ್ಲ. ಸ್ಕ್ರೂ ಕೂರಿಸಿ, ಮೇಲೆ ಒಸಡು ಮುಚ್ಚಿ, ಮೂರರಿಂದ ಆರು ತಿಂಗಳು ಕಾದು ಆಮೇಲೆ ಹಲ್ಲು ಕಟ್ಟುತ್ತಿದ್ದರು. 2014ರ ಡಿಸೆಂಬರ್ 20ರಂದು, 85ನೇ ವಯಸ್ಸಿನಲ್ಲಿ ತೀರಿಕೊಂಡರು.

ಒಸಡನ್ನು ಹುಟ್ಟು ಹಲ್ಲಿನಷ್ಟೇ ಗಟ್ಟಿಯಾಗಿ ಹಿಡಿಸುವ ಲೇಪ ಇನ್ನೂ ಬಂದಿಲ್ಲ. ಹಾಗಾಗಿ ರೊಕ್ಕ ಕೊಡುವ ಮುಂಚೆ ಡಾಕ್ಟರನ್ನು ಕೇಳ್ರಿ: ನನ್ನ ಒಸಡು ಆರೋಗ್ಯವಾಗಿದೆಯೇ, ಹಾಕುವ ಇಂಪ್ಲಾಂಟ್‌ನ ಕುತ್ತಿಗೆ ಎಂಥದ್ದು, ತಪಾಸಣೆಗೆ ಯಾವಾಗ ಬರಬೇಕು? ಸಕ್ಕರೆ ಕಾಯಿಲೆ ಇದ್ರೆ ಮೊದಲೇ ಹೇಳ್ರಿ. ಗುಟ್ಕಾ, ಬೀಡಿ ಬಿಡ್ರಿ, ದಿನಾ ಎರಡು ಸಲ ಉಜ್ಜರಿ. ಎಂಥ ದುಬಾರಿ ಲೇಪವಿದ್ರೂ ಕೊಳೆ ತೆಗೆಯೋ ಕೆಲಸ ನಮ್ಮದೇ.