ಕಡಲಾಳದಲ್ಲಿ ನೇತಾಜಿ

ನಿವೃತ್ತಿಯ ಬಳಿಕ, ಕಡಲಿನಿಂದ ದೂರದ ಕುಪ್ಪಗಡ್ಡೆಯಲ್ಲಿ ಕುಳಿತು ನಾನು ಯುದ್ಧಕಾಲದ ಜಲಾಂತರ್ಗಾಮಿ ಕಥನಗಳನ್ನು ಓದುತ್ತೇನೆ. ಅವುಗಳಲ್ಲಿ ಸುಭಾಷ್‌ಚಂದ್ರ ಬೋಸರ ಪಯಣ ನನ್ನನ್ನು ಹೆಚ್ಚು ಕಾಡುತ್ತದೆ.

1897ರಲ್ಲಿ ಕಟಕದಲ್ಲಿ ಜನಿಸಿದ ಬೋಸರು 1921ರಲ್ಲಿ ಐಸಿಎಸ್ ತ್ಯಜಿಸಿದರು. 1941ರಲ್ಲಿ ಗೃಹಬಂಧನದಿಂದ ಪಾರಾಗಿ ಜರ್ಮನಿ ಸೇರಿದರು. 1943ರ ಫೆಬ್ರುವರಿಯಲ್ಲಿ ಕೀಲ್ ಬಂದರಿನಿಂದ ಯು-180ರಲ್ಲಿ ಹೊರಟವರು ಏಪ್ರಿಲ್ ಕೊನೆಯಲ್ಲಿ, ಮಡಗಾಸ್ಕರ್‌ನ ಆಚೆ, ರಬ್ಬರ್ ದೋಣಿಯಲ್ಲಿ ಜಪಾನಿನ ಐ-29ಕ್ಕೆ ದಾಟಿದರು. ಮೇ ತಿಂಗಳಲ್ಲಿ ಸುಮಾತ್ರಾದ ತೀರ ಮುಟ್ಟಿದರು. ಆಜ್ಞಾಪಿಸಬಲ್ಲ ನಾಯಕ ಮೂರು ತಿಂಗಳು ಪರರ ಕೈಯಲ್ಲಿ ಪ್ರಾಣವಿಟ್ಟು ಕಾದಿದ್ದರು.

1944ರಲ್ಲಿ ಆ ಎರಡೂ ಜಲಾಂತರ್ಗಾಮಿಗಳು ಮುಳುಗಿದವು. 1945ರ ಆಗಸ್ಟ್‌ನಲ್ಲಿ ವಿಮಾನ ಅಪಘಾತದಲ್ಲಿ ಬೋಸರೂ ಅಳಿದರು. ಅವರ ಆತ್ಮಕಥನ 1921ಕ್ಕೇ ನಿಂತಿದೆ. ಪಯಣದುದ್ದಕ್ಕೂ ಜೊತೆಗಿದ್ದ ಹೈದರಾಬಾದಿನ ಆಬಿದ್ ಹಸನ್ ಬದುಕುಳಿದು ನೆನಪಿಸಿಕೊಂಡದ್ದರಿಂದ ಆ ದಿನಗಳು ನಮಗೆ ದಕ್ಕಿವೆ. ಇಂಥ ಕಥನಗಳ ಸೆಳೆತ ಸಾಹಸದಲ್ಲಷ್ಟೇ ಇಲ್ಲ; ಹೇಳಲು ಮರಳಿ ಬಾರದವರ ಪರವಾಗಿ ಒಬ್ಬನಾದರೂ ಹೇಳುವುದರಲ್ಲಿದೆ.