ಯೋಗಾಚಾರ್ಯ ಕೃಷ್ಣಮಾಚಾರ್ಯರು

ನಮ್ಮ ತಂದೆಯವರು ಗಾರೆ ಕೆಲಸದವರು. ಹೋದ ವರ್ಷದ ಬೇಸಿಗೆ ರಜೆಯಲ್ಲಿ ಒಂದು ಶಿಬಿರದಲ್ಲಿ ಹತ್ತು ದಿನ ಆಸನಗಳನ್ನು ಕಲಿತು ಊರಿಗೆ ಹೋದ ನಾನು, ಅವರ ಸೊಂಟನೋವಿಗೆ ಇದೇ ಮದ್ದೆಂದು ಹೇಳಿ, ಮುಂದಕ್ಕೆ ಬಾಗಿಸಿ, ಬೆನ್ನಿನ ಮೇಲೆ ಕೈಯಿಟ್ಟು ಒತ್ತಿದೆನು. ಎರಡು ದಿನ ಅವರು ಕೆಲಸಕ್ಕೆ ಹೋಗಲಾಗಲಿಲ್ಲ. ಎರಡು ದಿನದ ಕೂಲಿ ಹೋಯಿತು. ಓದಿದ ಮಗನೆಂಬ ವಿಶ್ವಾಸದಿಂದ ಅವರು ಒಂದು ಮಾತನ್ನೂ ಆಡಲಿಲ್ಲ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಆ ಮೌನವು ಬೈಗುಳಕ್ಕಿಂತ ಹೆಚ್ಚಾಗಿ ನನ್ನನ್ನು ಬಾಧಿಸಿತು. ತಿರುಮಲೈ ಕೃಷ್ಣಮಾಚಾರ್ಯರ ಚರಿತ್ರೆಯನ್ನು ನಾನು ಓದಿದುದು ಆ ಮೇಲೆ.

ಇವರು 1888ನೆಯ ಇಸವಿಯಲ್ಲಿ ಚಿತ್ರದುರ್ಗ ಸೀಮೆಯ ಒಂದು ಹಳ್ಳಿಯಲ್ಲಿ ಜನಿಸಿದರು. ಯೋಗದ ಮೊದಲ ಪಾಠ ತಂದೆಯಿಂದಲೇ ಆಯಿತು. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡು, ಮೈಸೂರಿನಲ್ಲಿಯೂ ಕಾಶಿಯಲ್ಲಿಯೂ ಶಾಸ್ತ್ರಗಳನ್ನು ಓದಿದರು. ಬಳಿಕ ಹಿಮಾಲಯದಾಚೆ ರಾಮಮೋಹನ ಬ್ರಹ್ಮಚಾರಿಗಳೆಂಬ ಗುರುಗಳಲ್ಲಿ ಸುಮಾರು ಏಳು ವರ್ಷ ಅಭ್ಯಾಸ ಮಾಡಿದರೆಂದು ಅವರೇ ಹೇಳುತ್ತಿದ್ದರು. ಇಷ್ಟೆಲ್ಲ ಕಲಿತು ಬಂದವರಿಗೆ ನಾಡಿನಲ್ಲಿ ದೊರೆತದ್ದೇನು? ಹಾಸನದ ಕಡೆಯ ಕಾಫಿ ತೋಟದಲ್ಲಿ ಮೇಲ್ವಿಚಾರಣೆಯ ಕೆಲಸ! ಕೆಲಸವಿಲ್ಲದ ಪದವೀಧರರ ಬಗೆಗೆ ನಿತ್ಯ ಕೇಳುವ ನಮಗೆ ಇದು ಹೊಸ ಕಥೆಯೇನಲ್ಲ.

ಅವರನ್ನು ಗುರುತಿಸಿದವರು ನಾಲ್ವಡಿ ಕೃಷ್ಣರಾಜ ಒಡೆಯರು. 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ಏರ್ಪಟ್ಟಿತು. ಮರುವರ್ಷವೇ 'ಯೋಗ ಮಕರಂದ'ವು ಕನ್ನಡದಲ್ಲಿ ಅಚ್ಚಾಯಿತು. 1941ರಲ್ಲಿ 'ಯೋಗಾಸನಗಳು' ಬಂದಿತು. ಈ ಎರಡನೆಯ ಪುಸ್ತಕದಲ್ಲಿ ಆಸನಗಳನ್ನು ಮೂರು ಮೆಟ್ಟಿಲುಗಳಾಗಿ ವಿಂಗಡಿಸಿರುವುದನ್ನು ವಾಚಕರು ಗಮನಿಸಬೇಕು. ಯಾವ ಚಲನೆಯಲ್ಲಿ ಉಸಿರು ಒಳಕ್ಕೆ, ಯಾವುದರಲ್ಲಿ ಹೊರಕ್ಕೆ ಎಂಬುದಕ್ಕೂ ಅವರಲ್ಲಿ ಕ್ರಮವುಂಟು. ನಾನು ತಂದೆಯವರನ್ನು ಒತ್ತಿದಾಗ ಅವರ ಉಸಿರಿನ ಕಡೆಗೆ ನನ್ನ ಲಕ್ಷ್ಯವೇ ಇರಲಿಲ್ಲ.

ಆದರೆ ಆ ಕಾಲದ ಆಚಾರ್ಯರು ಮೃದು ಸ್ವಭಾವದವರೆಂದು ಯಾರೂ ತಿಳಿಯಬಾರದು. ಶಾಲೆಗೆ ಬರುತ್ತಿದ್ದವರು ಹೆಚ್ಚಾಗಿ ಹುಡುಗರು. ಪಾಠದಲ್ಲಿ ವೇಗವಿತ್ತು, ಶಿಕ್ಷೆಯ ಭಯವಿತ್ತು, ಸಭೆಗಳಲ್ಲಿ ಪ್ರದರ್ಶನವಿತ್ತು. ಅವರ ಭಾವಮೈದುನರೂ ಶಿಷ್ಯರೂ ಆದ ಬಿ. ಕೆ. ಎಸ್. ಅಯ್ಯಂಗಾರ್ಯರು, ಸಿದ್ಧತೆಯಿಲ್ಲದ ಕಠಿಣ ಆಸನವೊಂದನ್ನು ಗುರುಗಳ ಆಜ್ಞೆಯಂತೆ ಮಾಡಿ ಬಹುಕಾಲ ನೋವುಂಡುದನ್ನು ತಾವೇ ತಿಳಿಸಿದ್ದಾರೆ. ಇಷ್ಟು ದೊಡ್ಡವರೂ ಹೀಗೆ ಮಾಡಿದರಲ್ಲ ಎಂದು ನನಗೆ ಸಮಾಧಾನವಾಯಿತೆಂದರೆ ಅದು ಸಣ್ಣತನ, ಆದರೂ ಆಯಿತು.

ಹೆಂಗಸೆಂದೂ ವಿದೇಶದವಳೆಂದೂ ಮೊದಲು ನಿರಾಕರಿಸಿದ ಇಂದ್ರಾದೇವಿಯವರನ್ನು ಮಹಾರಾಜರ ಮಾತಿನ ಮೇರೆಗೆ ಸೇರಿಸಿಕೊಂಡು, ಕೊನೆಗೆ ಇತರರಿಗೆ ಕಲಿಸೆಂದು ಅವರೇ ಆಕೆಗೆ ಹೇಳಿದರು. ಈ ಮನುಷ್ಯನಲ್ಲಿ ಬದಲಾಗುವ ಶಕ್ತಿಯಿತ್ತು.

1950ರಲ್ಲಿ ಯೋಗಶಾಲೆ ಮುಚ್ಚಿತು. ಅರುವತ್ತು ದಾಟಿದ ವಯಸ್ಸಿನಲ್ಲಿ ಆಚಾರ್ಯರು ಜೀವನೋಪಾಯವನ್ನು ಅರಸಬೇಕಾಯಿತು. ಪಾರ್ಶ್ವವಾಯು ಪೀಡಿತರಾದ ಒಬ್ಬ ನ್ಯಾಯವಾದಿಗಳಿಗೆ ಚಿಕಿತ್ಸೆ ನೀಡಲು ಕರೆ ಬಂದು ಮದರಾಸಿಗೆ ಹೋದವರು ಅಲ್ಲಿಯೇ ನೆಲೆಸಿದರು. ಈಗ ಎದುರಿಗೆ ಕುಳಿತವರು ಚುರುಕಾದ ಹುಡುಗರಲ್ಲ; ರೋಗಿಗಳು, ವೃದ್ಧರು, ಗೃಹಿಣಿಯರು. ಒಬ್ಬೊಬ್ಬರನ್ನೇ ಕೂರಿಸಿಕೊಂಡು, ನಾಡಿ ಹಿಡಿದು, ಉಸಿರನ್ನು ನೋಡಿ, ಆಹಾರ ಉದ್ಯೋಗಗಳನ್ನು ವಿಚಾರಿಸಿ ಪಾಠವನ್ನು ಗೊತ್ತುಮಾಡುತ್ತಿದ್ದರು. ಬೆಳೆಯುವ ಮಕ್ಕಳಿಗೆ ಒಂದು ಕ್ರಮ, ಸಂಸಾರದ ಭಾರ ಹೊತ್ತವರಿಗೆ ಇನ್ನೊಂದು, ಮುಪ್ಪಿನವರಿಗೆ ಮತ್ತೊಂದು. ಪ್ರಾಣಾಯಾಮ, ಧ್ಯಾನ, ಪಠಣಗಳೂ ಆಯಾ ವ್ಯಕ್ತಿಗೆ ತಕ್ಕಂತೆ. ಬಾಗಲಾರದವನಿಗೆ ಆಸನವನ್ನೇ ಬಾಗಿಸಿದರು ಎನ್ನಬಹುದು. ಜಗತ್ತಿಗೆ ಹೆಚ್ಚು ಪರಿಚಿತವಾದದ್ದು ಅವರ ಮೈಸೂರಿನ ಪಾಠ. ನನ್ನ ಅಭಿಪ್ರಾಯದಲ್ಲಿ ಅವರು ನಿಜವಾದ ಗುರುಗಳಾದದ್ದು ಮದರಾಸಿನಲ್ಲಿ.

1976ರಲ್ಲಿ ಪುತ್ರ ದೇಶಿಕಾಚಾರ್ಯರು ತಂದೆಯ ಹೆಸರಿನಲ್ಲಿ ಯೋಗಮಂದಿರವನ್ನು ಸ್ಥಾಪಿಸಿದರು. ನೂರು ತುಂಬಿದ ಮೇಲೆ, 1989ರಲ್ಲಿ, ಆಚಾರ್ಯರು ದಿವಂಗತರಾದರು.

ಕಳೆದ ಭಾನುವಾರ ಊರಿಗೆ ಹೋದಾಗ, ನೋವು ಎಲ್ಲಿದೆ ಎಂದು ತಂದೆಯವರನ್ನು ಮೊದಲ ಸಲ ಕೇಳಿದೆನು. ಸೊಂಟವೊಂದೇ ಅಲ್ಲ, ಎಡಗಾಲಿನ ಮೀನಖಂಡದವರೆಗೂ ಇಳಿಯುತ್ತದೆ, ಬಗ್ಗಿ ಇಟ್ಟಿಗೆ ಎತ್ತುವಾಗ ಹೆಚ್ಚುತ್ತದೆ ಎಂದರು. ಬರುವ ವಾರ ಅವರನ್ನು ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೇನೆ.