ನಾಟ್ಯವಿಶಾರದೆ ಶಾಂತಲಾದೇವಿ

ಅರಸೀಕೆರೆಯಲ್ಲಿ ರೈಲಿನಿಂದಿಳಿದು ಹಳೇಬೀಡು ಬೇಲೂರುಗಳನ್ನು ನೋಡಹೋಗುವ ಯಾತ್ರಿಕರ ಕಿವಿಗೆ ತಪ್ಪದೆ ಬೀಳುವ ಹೆಸರೊಂದುಂಟು. ಅದು ಹೊಯ್ಸಳ ವಿಷ್ಣುವರ್ಧನನ ಪಟ್ಟದರಸಿ ಶಾಂತಲಾದೇವಿಯದು. ಆಕೆಯು ಅಳಿದು ಒಂಬತ್ತು ಶತಮಾನಗಳಾಗುತ್ತ ಬಂದರೂ ಆ ಸೀಮೆಯ ಜನರು ಆಕೆಯನ್ನು ಮರೆತಿಲ್ಲ.

ಶಾಂತಲೆಯ ತಂದೆ ಮಾರಸಿಂಗಯ್ಯನು ಶೈವನು. ತಾಯಿ ಮಾಚಿಕಬ್ಬೆಯು ಜಿನಭಕ್ತೆ. ಮಗಳು ತಾಯಿಯ ಮತವನ್ನನುಸರಿಸಿ ಪ್ರಭಾಚಂದ್ರ ಸಿದ್ಧಾಂತದೇವರ ಶಿಷ್ಯೆಯಾದಳು. ಪತಿಯು 1117ರಲ್ಲಿ ಬೇಲೂರಿನಲ್ಲಿ ವಿಜಯನಾರಾಯಣನನ್ನು ಪ್ರತಿಷ್ಠಿಸಿದಾಗ, ಅದೇ ಆವರಣದಲ್ಲಿ ಆಕೆಯೂ ಚೆನ್ನಿಗರಾಯನ ಮೂರ್ತಿಯನ್ನು ಸ್ಥಾಪಿಸಿದಳು. ಅದು ಇಂದು ಕಪ್ಪೆ ಚೆನ್ನಿಗರಾಯನೆಂದು ಪ್ರಸಿದ್ಧವಾಗಿದೆ. ಸ್ವಮತದಲ್ಲಿ ದೃಢಳಾಗಿದ್ದೂ ಅನ್ಯರ ದೇವರನ್ನು ಗೌರವಿಸಿದ ಈ ಗುಣವು ಅಲ್ಪವಾದುದಲ್ಲ.

ಆದರೆ ಆಕೆಯ ಹೆಸರನ್ನು ಉಳಿಸಿದುದು ಮುಖ್ಯವಾಗಿ ಕಲೆ. ಗೀತ, ವಾದ್ಯ, ನೃತ್ಯಗಳು ಮೂರರಲ್ಲಿಯೂ ಆಕೆಯು ನಿಪುಣೆಯಾಗಿದ್ದಳೆಂದು ಶಾಸನಗಳು ಹೊಗಳುತ್ತವೆ. ಆಕೆಯ ದಾನಧರ್ಮಗಳ, ಪಾತಿವ್ರತ್ಯದ ಪ್ರಶಂಸೆಯ ಪಕ್ಕದಲ್ಲಿಯೇ ಈ ಮಾತು ಬರುತ್ತದೆಂಬುದನ್ನು ವಾಚಕರು ಗಮನಿಸಬೇಕು. ನರ್ತನವು ಕುಲಸ್ತ್ರೀಯರಿಗೆ ತಕ್ಕುದಲ್ಲವೆಂಬ ಭಾವನೆ ನಮ್ಮ ದೇಶದಲ್ಲಿ ಮುಂದೆ ಬಲವಾಯಿತು. ಶಾಂತಲೆಯ ಆಸ್ಥಾನದಲ್ಲಿ ಅದು ರಾಣಿಗೆ ಭೂಷಣವೇ ಆಗಿತ್ತು.

ಬೇಲೂರಿನ ನವರಂಗದ ನಡುವಣ ನುಣುಪಾದ ವರ್ತುಲಾಕಾರದ ಜಗಲಿಯ ಮೇಲೆ ಆಕೆಯು ನರ್ತಿಸಿದಳೆಂದು ಹೇಳುವುದುಂಟು. ಗುಡಿಯ ಒಳಗೂ ಹೊರಗೂ ಇರುವ ನಾಲ್ವತ್ತೆರಡು ಮದನಿಕೆಯರಲ್ಲಿ ಕೆಲವರು ನರ್ತಕಿಯರು. ಅವರ ಪಕ್ಕದಲ್ಲಿ ಮದ್ದಳೆ ತಾಳಗಳನ್ನು ಹಿಡಿದ ಚಿಕ್ಕ ಚಿಕ್ಕ ವಾದ್ಯಗಾರರು. ಬಳ್ಳಿಗಾವೆಯ ದಾಸೋಜ, ಆತನ ಮಗ ಚಾವಣ ಮೊದಲಾದ ಶಿಲ್ಪಿಗಳು ತಮ್ಮ ಹೆಸರುಗಳನ್ನು ಕೆತ್ತಿಹೋಗಿದ್ದಾರೆ. ಕನ್ನಡಿ ಹಿಡಿದ ದರ್ಪಣಸುಂದರಿಯೇ ಶಾಂತಲೆಯೆಂಬ ನಂಬಿಕೆಗೆ ಮಾತ್ರ ಶಾಸನದ ಆಧಾರವಿಲ್ಲ.

ಬಾಗಿದ ಮೊಣಕಾಲು, ಎತ್ತಿದ ಕೈ, ಓರೆಯಾದ ಕೊರಳು, ಇಷ್ಟನ್ನು ಶಿಲೆಯು ಹಿಡಿದಿಟ್ಟಿತು. ತಾಳದ ಗತಿಯನ್ನು ಅದು ಹಿಡಿಯಬಲ್ಲುದೆ? ಯೂರೋಪಿನಲ್ಲಿ ಸುಮಾರು ನಾಲ್ಕು ಶತಮಾನಗಳ ತರುವಾಯ, ಲ್ಯೂಟ್ ಎಂಬ ತಂತಿವಾದ್ಯಕ್ಕಾಗಿ ರಚಿಸಿದ ಚುರುಕಾದ ನರ್ತನದ ಮಟ್ಟುಗಳನ್ನು, ತಂತಿಗಳನ್ನು ಸೂಚಿಸುವ ಗೆರೆಗಳ ಮೇಲೆ ಅಕ್ಷರಗಳಿಂದಲೋ ಅಂಕಿಗಳಿಂದಲೋ ಬರೆದಿಡುತ್ತಿದ್ದರು. ಅವನ್ನು ಇಂದಿಗೂ ನುಡಿಸುತ್ತಾರೆ. ಶಾಂತಲೆಯ ಕಾಲದವನೇ ಆದ ಚಾಲುಕ್ಯ ಸೋಮೇಶ್ವರನು ತನ್ನ ಮಾನಸೋಲ್ಲಾಸದಲ್ಲಿ ನೃತ್ಯದ ಲಕ್ಷಣಗಳನ್ನು ವಿವರಿಸಿದ್ದಾನೆ. ಆದರೆ ಆಕೆಯು ಕುಣಿದ ಒಂದು ಹೆಜ್ಜೆಯಾಗಲಿ, ನುಡಿಸಿದ ಒಂದು ಸ್ವರವಾಗಲಿ ನಮಗೆ ಉಳಿದುಬಂದಿಲ್ಲ.

ಹಳೇಬೀಡಿನಲ್ಲಿ ಅಧಿಕಾರಿ ಕೇತಮಲ್ಲನು ಕಟ್ಟಿಸಿದ ಜೋಡಿ ಶಿವಾಲಯದ ಒಂದು ಲಿಂಗವು ಶಾಂತಲೇಶ್ವರನೆನಿಸಿ ಆಕೆಯ ಹೆಸರನ್ನು ಹೊತ್ತಿದೆ. 1123ರಲ್ಲಿ ಶ್ರವಣಬೆಳಗೊಳದಲ್ಲಿ ಆಕೆಯು ಶಾಂತಿನಾಥನಿಗೆ ಬಸದಿಯನ್ನು ಕಟ್ಟಿಸಿದಳು. ಅದಕ್ಕೆ ಬಂದ ಹೆಸರು ಆಕೆಯದೇ ಬಿರುದು, ಸವತಿಗಂಧವಾರಣ. ಸವತಿಯರ ಪಾಲಿಗೆ ಮದಗಜವೆಂದು ಅದರ ಅರ್ಥ! ಇಂತಹ ಬಿರುದು ಪವಿತ್ರಸ್ಥಳಕ್ಕೆ ಅಂಟಿಕೊಂಡುದು ವಿನೋದವೇ ಸರಿ.

1131ರಲ್ಲಿ ಶಿವಗಂಗೆಯಲ್ಲಿ ಶಾಂತಲೆಯು ತೀರಿಕೊಂಡಳು. ಬೆಟ್ಟದಿಂದ ಧುಮುಕಿದಳೆಂಬ ಕಥೆಯು ಜನಜನಿತವಾಗಿದ್ದರೂ ಶಾಸನವು ಆ ಕ್ಷೇತ್ರದಲ್ಲಿ ಆಕೆಯು ಸ್ವರ್ಗಸ್ಥಳಾದಳೆಂದಷ್ಟೇ ತಿಳಿಸುತ್ತದೆ. ಮಗಳಿಲ್ಲದ ಮೇಲೆ ತಾನಿರಲಾರೆನೆಂದು ವೃದ್ಧಮಾತೆ ಮಾಚಿಕಬ್ಬೆಯು ಬೆಳಗೊಳಕ್ಕೆ ಬಂದು, ಒಂದು ತಿಂಗಳ ಉಪವಾಸವ್ರತವನ್ನಾಚರಿಸಿ ದೇಹವನ್ನು ಬಿಟ್ಟಳು.